ಕಮಿಷನ್ ಹಣ ಮಂಡಳಿಯವರ ಜೇಬಿಗೆ ಹೋಗುವುದಿಲ್ಲ: ಒಂದು ಸ್ಪಷ್ಟನೆ

ಸಣ್ಣ ಕಲಾಕೇಂದ್ರಗಳಲ್ಲಿ ಚಿತ್ರ ಮಾರಾಟವಾದಾಗ ಹಿಡಿಯುವ ಕಮಿಷನ್ ಆಡಳಿತ ಮಂಡಳಿಯವರ ಜೇಬಿಗೆ ಹೋಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು ತಿಳಿವಳಿಕೆ. ಲಾಭಕ್ಕಾಗಿ ಅಲ್ಲದ ಸಂಸ್ಥೆಯಲ್ಲಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕಮಿಷನ್ ಸೇರುವುದು ಕೇಂದ್ರದ ಖಾತೆಗೆ. ಬಾಡಿಗೆ, ಕರೆಂಟ್ ಬಿಲ್, ತರಗತಿಯ ಬಣ್ಣ ಎಲ್ಲವೂ ಅಲ್ಲಿಂದಲೇ ಆಗಬೇಕು. ಸಂಜೆಗಳನ್ನು ಬಿಟ್ಟುಕೊಟ್ಟು ದುಡಿಯುವವರ ಮೇಲೆ ಸುಮ್ನೆ ಆರೋಪ ಹೊರಿಸಿದರೆ ನಿಜಕ್ಕೂ ನೋವಾಗುತ್ತದೆ.

ಗೊಂದಲಕ್ಕೆ ಕಾರಣವೂ ಇದೆ. ಪ್ರದರ್ಶನಕ್ಕೆಂದು ಕೈಯಿಂದ ಮೊಳೆ, ತಂತಿ ಕೊಂಡವರು ರಸೀದಿ ಕೊಟ್ಟು ಅಷ್ಟೇ ಹಣ ವಾಪಸ್ ಪಡೆಯುತ್ತಾರೆ. ಅದು ಸಂಬಳ ಅಲ್ಲ, ಅಲ್ವಾ? ಇನ್ನು ಸದಸ್ಯರೇ ಕಲಾವಿದರಾಗಿದ್ದರೆ, ತಮ್ಮ ಚಿತ್ರ ಮಾರಾಟವಾದಾಗ ಉಳಿದ ಕಲಾವಿದರಂತೆ ಅವರಿಗೂ ಹಣ ಸಿಗುತ್ತದೆ. ಆದರೆ ಆ ಚಿತ್ರದ ಆಯ್ಕೆಯ ಚರ್ಚೆಯಿಂದ ಅವರು ಹೊರಗಿರಬೇಕು, ಅದು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಅನುಮಾನ ಇದ್ದವರು ವಾರ್ಷಿಕ ಲೆಕ್ಕಪತ್ರ ಕೇಳಿ ನೋಡಿ.