ಲಾರಿ ಹಿಂದಿನ ಎಂಟು ಚದರಡಿ ಸಿಂಗಾಪುರ

ಲಾರಿ ಹಿಂದೆ ವಲಸೆ ಕೂಲಿಯೋರನ್ನ ತುಂಬ್ಕೊಂಡು ಹೋಗೋದನ್ನ ನಿಲ್ಲಿಸಿ ಬಸ್ ಕೊಡ್ರಪ್ಪ ಅಂತ ಯಾರೇ ಕೇಳಲಿ, ಸಿಂಗಾಪುರ ಸರ್ಕಾರದ ಉತ್ತರ ರೆಡಿ. ಖರ್ಚು ಜಾಸ್ತಿ ಆಗುತ್ತೆ, ಸಣ್ಣ ಕಂಪನಿಗಳು ಮುಳುಗ್ತವೆ, ಮನೆ, ಸ್ಕೂಲು, ಎಂಆರ್‌ಟಿ (ಅಲ್ಲಿನ ಮೆಟ್ರೋ) ಲೈನು ಎಲ್ಲಾ ಲೇಟು. ಸರಿ ಬಿಡಿ. ಅದೇ ಊರಲ್ಲಿ ಕಾರಿನ ಹಿಂದಿನ ಸೀಟಲ್ಲಿ ಕೂತೋನೂ ಬೆಲ್ಟ್ ಹಾಕಿಲ್ಲ ಅಂದ್ರೆ ಫೈನು. ಲಾರಿ ಹಿಂದಿರೋ ತಮಿಳುನಾಡಿನೋನಿಗೆ, ಬಾಂಗ್ಲಾದೋನಿಗೆ ಬೆಲ್ಟೂ ಇಲ್ಲ, ಸೀಟೂ ಇಲ್ಲ, ಫೈನೂ ಇಲ್ಲ. ಎಂಥಾ ದೊಡ್ಡ ಮನಸ್ಸು ನೋಡಿ!

ಹಾಗಂತ ಏನೂ ಮಾಡಿಲ್ಲ ಅನ್ನಬೇಡಿ. ತಲೆಗೆ ಎಂಟು ಚದರಡಿ ಜಾಗ, ಮೇಲೊಂದು ಹೊದಿಕೆ, ಪಕ್ಕದಲ್ಲಿ ಕಂಬಿ. 2023ರಿಂದ ‘ವೆಹಿಕಲ್ ಬಡ್ಡಿ’ (buddy, ಅಂದ್ರೆ ಜೊತೆಗಾರ) ಅಂತ ಒಬ್ಬನ್ನ ಬೇರೆ ಇಡಬೇಕು, ಡ್ರೈವರ್ ತೂಕಡಿಸದೇ ಇರೋ ಹಾಗೆ ನೋಡ್ಕೊಳಕ್ಕೆ. ಎಷ್ಟೋ ಕಡೆ ಡ್ರೈವರ್ರೂ ಸೈಟಲ್ಲಿ ಕೆಲಸ ಮಾಡೋನೇ, ಅಂದ್ರೆ ಬೆಳಗಿಂದ ಕಬ್ಬಿಣ ಹೊತ್ತೋನು ನಿದ್ದೆ ಹೋಗದ ಹಾಗೆ ಅದೇ ಕಬ್ಬಿಣ ಹೊತ್ತ ಇನ್ನೊಬ್ಬ ಕಾಯ್ಬೇಕು. ಸೇಫ್ಟಿ ಅಂದ್ರೆ ಇದು.

ಎಸ್.ಎಂ. ಕೃಷ್ಣ ಅವ್ರ ಕಾಲದಿಂದ ನಾವು ಬೆಂಗಳೂರನ್ನ ಸಿಂಗಾಪುರ ಮಾಡಕ್ಕೆ ಹೊರಟಿದೀವಲ್ಲ, ಗಾರೆ ಕೆಲಸದೋರನ್ನ ಟಾಟಾ ಏಸ್‌ನಲ್ಲಿ ನಿಲ್ಲಿಸ್ಕೊಂಡು ಹೋಗೋ ವಿಷಯದಲ್ಲಿ ಮಾತ್ರ ಯಾವಾಗ್ಲೋ ಮಾಡಿ ಮುಗಿಸಿದೀವಿ.

ಸಿಂಗಾಪುರದ ಸೆರಂಗೂನ್ ಗಾರ್ಡನ್ಸ್ ಬಡಾವಣೆ ಕಥೆ ಗೊತ್ತಲ್ಲ? 2008ರಲ್ಲಿ ಅಲ್ಲಿ ಕಾರ್ಮಿಕರಿಗೆ ಡಾರ್ಮಿಟರಿ ಬರುತ್ತೆ ಅಂದಿದ್ದೇ ತಡ, ಬೇಡ ಅಂತ ಅಲ್ಲಿನ ಮನೆಯೋರ ಸಾವಿರಕ್ಕೂ ಹೆಚ್ಚು ಸಹಿ ಬಿತ್ತು, ಕಳ್ಳತನ ಆಗುತ್ತಂತೆ, ಮನೆ ರೇಟು ಬೀಳುತ್ತಂತೆ. ಆ ಮನೆಗಳನ್ನ ಕಟ್ಟಿದ್ದು ಯಾರು ಅಂತ ಕೇಳಬಾರದು. ಸರ್ಕಾರ ತುಂಬಾ ಯೋಚನೆ ಮಾಡಿ ಡಾರ್ಮಿಟರಿಗೆ ಬೇರೆ ರಸ್ತೆನೇ ಹಾಕ್ಸಿಕೊಡ್ತು, ಇವ್ರ ಕಣ್ಣಿಗೆ ಅವ್ರು ಬೀಳದೇ ಇರ್ಲಿ ಅಂತ. ನಮ್ಮಜ್ಜಿ ಮನೇಲಿ ಆಳುಗಳಿಗೆ ಹಿತ್ತಲ ಬಾಗ್ಲಿತ್ತು, ಅದಕ್ಕೆ ಟಾರು ಹಾಕಿರಲಿಲ್ಲ ಅಷ್ಟೇ. ಈ ರಸ್ತೆಗೆ ದುಡ್ಡಿತ್ತು, ಬಸ್ಸಿಗೆ ಮಾತ್ರ ಇಲ್ಲ.

ಕೋವಿಡ್ ಟೈಮಲ್ಲೂ ಅಷ್ಟೇ, ದಿನದ ಲೆಕ್ಕದಲ್ಲಿ ‘ಕಮ್ಯುನಿಟಿ’ (ಅಂದ್ರೆ ಉಳಿದ ಊರಿನೋರ) ಕೇಸು ಬೇರೆ, ಡಾರ್ಮಿಟರಿ ಕೇಸು ಬೇರೆ. ಊರು ಕಟ್ಟೋರು ಊರಿನ ಲೆಕ್ಕಕ್ಕಿಲ್ಲ. 2020ರ ಡಿಸೆಂಬರ್ ಹೊತ್ತಿಗೆ ಡಾರ್ಮಿಟರಿಲಿ ಇದ್ದೋರಲ್ಲಿ ಶೇ. 47ರಷ್ಟು ಜನಕ್ಕೆ ಸೋಂಕು ತಗುಲಿತ್ತು, ಕಮ್ಯುನಿಟಿ ಆರಾಮಾಗಿತ್ತು.

ತಮಾಷೆ ಮಾಡೋ ಮೂಡೂ ಹೋಯ್ತು. 2021ರ ಏಪ್ರಿಲಲ್ಲಿ ಪಿಐಇ ಹೈವೇಲಿ ನಿಂತಿದ್ದ ಟಿಪ್ಪರ್‌ಗೆ ಲಾರಿ ಗುದ್ದಿ ಹಿಂದೆ ಕೂತಿದ್ದ ಇಬ್ರು ಸತ್ರು. ಆಮೇಲೂ ಪಾರ್ಲಿಮೆಂಟಲ್ಲಿ ಅದೇ ಖರ್ಚಿನ ಮಾತು. ಒಂದು ಬಸ್ ಕೊಡ್ರೋ ಅಂದ್ರೆ ಇಷ್ಟು ವರ್ಷ ಲೆಕ್ಕ ಹಾಕ್ತಾ ಕೂತಿದಾರೆ, ನಾಚಿಕೆ ಆಗಲ್ವಾ?