ಬೀದಿಗಿಂತ ಆ ಕಲ್ಲಿನ ಬರಹ ಚಂದ

ಅಲ್ಜೀರಿಯಾದಲ್ಲಿರುವ ಹಳೆಯ ರೋಮನ್ ಊರು ಟಿಮ್ಗಾಡ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯಿತು. ಆದರೆ ಲೇಖನದ ತುಂಬಾ ನೇರ ಬೀದಿಗಳದ್ದೇ ಮಾತು ಜಾಸ್ತಿಯಾಯಿತು ಅನ್ನಿಸಿತು. ಕ್ರಿ.ಶ. 100ರಲ್ಲಿ ರೋಮಿನ ಟ್ರಾಜನ್ ಚಕ್ರವರ್ತಿ ನಿವೃತ್ತ ಸೈನಿಕರಿಗೆಂದು ಕಟ್ಟಿಸಿದ ಊರು, ದಂಡಿನ ಬಿಡಾರದ ಹಾಗೆ ಗೆರೆ ಎಳೆದು ಕಟ್ಟಿದ್ದಾರೆ, ಸರಿ. ಊರು ಬೆಳೆದ ಮೇಲೆ ಏನಾಯಿತು ನೋಡಿ. ಹೊಸ ಬಡಾವಣೆಗಳು ಆ ಗೆರೆಗೆ ಕ್ಯಾರೇ ಅನ್ನದೆ ಅಡ್ಡಾದಿಡ್ಡಿ ಹಬ್ಬಿದವು. ಮೇಲಿಂದ ತೆಗೆದ ಫೋಟೋದಲ್ಲಿ ಇದು ಎದ್ದು ಕಾಣುತ್ತದೆ.

ನನಗೆ ಇಷ್ಟವಾಗುವುದು ಅಲ್ಲಿ ಬದುಕಿದ ಜನರ ಗುರುತು. ರೊಗಾಟಿಯಾನಸ್ ಎಂಬಾತ ಉಯಿಲಿನಲ್ಲಿ ದುಡ್ಡು ಬಿಟ್ಟು ಊರಿಗೊಂದು ಗ್ರಂಥಾಲಯ ಮಾಡಿಸಿದ. 4,00,000 ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಖರ್ಚಾಯಿತು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಇನ್ನು ಊರ ನಡುವಿನ ಚೌಕದಲ್ಲಿ, ನೆಲದ ಕಲ್ಲಿನ ಮೇಲೆ ಯಾರೋ ಆಟದ ಹಲಗೆಯಂತೆ ಅಕ್ಷರ ಕೊರೆದಿದ್ದಾರೆ: ಬೇಟೆಯಾಡು, ಸ್ನಾನ ಮಾಡು, ಆಟವಾಡು, ನಗು, ಇದೇ ಬದುಕು. ಸ್ನಾನಕ್ಕೆ ಎರಡನೇ ಸ್ಥಾನ! ಅಷ್ಟು ಚಿಕ್ಕ ಊರಲ್ಲಿ ಹತ್ತಕ್ಕೂ ಹೆಚ್ಚು ಸ್ನಾನಗೃಹ ಕಟ್ಟಿಕೊಂಡವರು ಸುಮ್ನೆ ಬರೆದಿರಲಿಕ್ಕಿಲ್ಲ, ಅಲ್ವಾ?

ಒಂದು ಸಣ್ಣ ತಿದ್ದುಪಡಿ. 1881ರಲ್ಲಿ ಫ್ರೆಂಚರು ಈ ಊರನ್ನು ‘ಕಂಡುಹಿಡಿದರು’ ಎಂದಿದ್ದೀರಿ. ಅವರು ಆಗ ಶುರು ಮಾಡಿದ್ದು ಉತ್ಖನನ. ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್ 1765ರಲ್ಲೇ ಇಲ್ಲಿಗೆ ಬಂದು, ಮರಳಿನಿಂದ ಮೇಲೆ ಕಾಣುತ್ತಿದ್ದ ಟ್ರಾಜನ್ ಕಮಾನನ್ನು ನೋಡಿದ್ದ. ಅಕ್ಕಪಕ್ಕದ ಜನರಿಗಂತೂ ಅದಕ್ಕೂ ಮೊದಲೇ ಗೊತ್ತಿದ್ದಿರಬೇಕು.