ಇರು, ಒಂದು ರಿಫ್ರೆಶ್ ಕೊಡ್ತೇನೆ

ನಿನ್ನೆ ಪಹಣಿ ತೆಗೆಯೋಣವೆಂದು ಕಂಪ್ಯೂಟರ್ ಆನ್ ಮಾಡಿ, ಅನ್ನಕ್ಕಿಟ್ಟು, ಮೂರು ವಿಷಲ್ ಕೂಗಿಸಿ ಬಂದೆ. ಪರದೆ ಮೇಲೆ ನೀಲಿ ಉಂಗುರ ಇನ್ನೂ ಸುತ್ತುತ್ತಲೇ ಇತ್ತು. ಮಡಿಕೇರಿ ಮಳೆಗಾಲ, ತೇವ ಹಿಡಿಯದಿರಲಿ ಎಂದು ಅದರ ಪಕ್ಕ 60 ವ್ಯಾಟಿನ ಬಲ್ಬು ಬೇರೆ ಉರಿಸುತ್ತೇನೆ. ನನ್ನ ಸೀರೆಗಳಿಗೂ ಆ ಯೋಗವಿಲ್ಲ.

ನಮ್ಮವರ ಹತ್ತಿರ ಎಲ್ಲಕ್ಕೂ ಒಂದೇ ಮದ್ದು. "ಇರು, ಒಂದು ರಿಫ್ರೆಶ್ ಕೊಡ್ತೇನೆ." ರೈಟ್ ಕ್ಲಿಕ್, ರಿಫ್ರೆಶ್. ಐಕಾನುಗಳು ಒಮ್ಮೆ ಕಣ್ಣು ಮಿಟುಕಿಸುತ್ತವೆ. ಹಸಿ ಸೌದೆಯ ಒಲೆ ಊದಿ ಹೊತ್ತಿತೋ ಇಲ್ಲವೋ ಎಂದು ಬಗ್ಗಿ ನೋಡುವವರಂತೆ ಕತ್ತು ವಾರೆ ಮಾಡಿ ನೋಡುತ್ತಾರೆ. ಮತ್ತೆ ರೈಟ್ ಕ್ಲಿಕ್, ರಿಫ್ರೆಶ್. ನಿನ್ನೆ ಎಣಿಸಿದೆ, 23 ಸಲ. ಅದರಿಂದ ಐಕಾನುಗಳು ಅಳಿಸಿ ಮತ್ತೆ ಮೂಡುತ್ತವೆ ಅಷ್ಟೇ, ವೇಗ ಹೆಚ್ಚುವುದಿಲ್ಲ ಎಂದು ಮಗಳು ಬೆಂಗಳೂರಿನಿಂದ ಹೇಳಿದ್ದಾಳೆ. "ಅವಳಿಗೇನು ಗೊತ್ತು?" ಅವಳು ಉಣ್ಣುವುದೇ ಕಂಪ್ಯೂಟರಿನ ಅನ್ನ.

ಅಂತೂ ಬ್ರೌಸರ್ ತೆರೆಯಿತು. ಎಲ್ಲಿ ಹೋದರೂ ಎಚ್ಚರಿಕೆಯ ಪುಟ. ಮೂಲೆಯಲ್ಲಿ ತಾರೀಕು ನೋಡಿದರೆ 2009ರ ಜನವರಿ 1! ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ ಕರೆಂಟ್ ಹೋದಾಗಲೆಲ್ಲ ಇದಕ್ಕೆ ಇಸವಿ ಮರೆಯುತ್ತದೆ. ಇಸವಿ ತಪ್ಪಿದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ. ಈ ಗಾಳಿಮಳೆಯಲ್ಲಿ ಕರೆಂಟಿನ ಕತೆ ನಿಮಗೆ ಬಿಡಿಸಿ ಹೇಳಬೇಕೆ? ಇವರು ಅದಕ್ಕೂ ರಿಫ್ರೆಶ್ ಕೊಟ್ಟರು.

ನಾನೇ ಮುಚ್ಚಳ ಬಿಚ್ಚಿದೆ. ಫ್ಯಾನಿನ ಬುಡದಲ್ಲಿ ಹಲ್ಲಿಯ ಎರಡು ಮೊಟ್ಟೆ, ರ‍್ಯಾಮ್ ಎಂಬ ಮೆಮರಿ ಪಟ್ಟಿಯ ಪಕ್ಕ ಇರುವೆಗಳ ತುಂಬು ಸಂಸಾರ. ಬಲ್ಬಿನ ಬಿಸಿ ಯಾರಿಗೆ ಒದಗಿತೆಂದು ಆಗ ತಿಳಿಯಿತು. ಧೂಳು ಕೊಡವಿ, ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ವಾಚ್ ಅಂಗಡಿಯಿಂದ ತಂದ ಸಿಆರ್2032 ಬಿಲ್ಲೆ ಕೂರಿಸಿದೆ. ಇಸವಿ ಸರಿಯಾಯಿತು. ನಡಿಗೆ ಮಾತ್ರ ಅದೇ. 2 ಜಿಬಿ ರ‍್ಯಾಮ್, ಹೆತ್ತವರೇ 2020ರಲ್ಲಿ ಕೈಬಿಟ್ಟ ವಿಂಡೋಸ್ 7. ಓಡು ಅಂದರೆ ಎಲ್ಲಿಗೆ ಓಡೀತು?

ಡಿಸ್ಕಿನಲ್ಲಿ ಜಾಗ ಮಾಡಲು ಕೂತಾಗ ಮಗಳು ಆರನೇ ಕ್ಲಾಸಿನಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಬಂಧ ಸಿಕ್ಕಿತು. ಅದನ್ನು ಫೋನಿಗೆ ಹಾಕಿದರೆ ಅಕ್ಷರವೆಲ್ಲ ಕಲಸುಮೇಲೋಗರ, ಇದರಲ್ಲೇ ಓದಬೇಕು. "ಜೋರು ಮಳೆ ಬಂದರೆ ನಮಗೆ ರಜೆ. ಅಪ್ಪ ಕಂಪ್ಯೂಟರ್ ಕಲಿಸುತ್ತಾರೆ. ಇವತ್ತು ರಿಫ್ರೆಶ್ ಮಾಡುವುದು ಕಲಿಸಿದರು."

ಎರಡು ಸಲ ಓದಿದೆ. ಅಳಿಸಲಿಲ್ಲ.

ರಾತ್ರಿ ಮಗಳು ಫೋನಿನಲ್ಲಿ, "ಅಮ್ಮಾ, ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸು, ಅರ್ಧ ನಿಮಿಷದಲ್ಲಿ ಆನ್ ಆಗ್ತದೆ" ಎಂದಳು.

ಹಿಂದಿನಿಂದ ಇವರು, "ಅದರಲ್ಲಿ ರಿಫ್ರೆಶ್ ಇರ್ತದಾ ಕೇಳು."